ನೊಂದ ಗೃಹಿಣಿಯರೂ ನಮ್ಮ ಹೊಣೆಯೂ

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಕೇಳದವರು ನಮ್ಮ ನಾಡಿನಲ್ಲಿ ಇಲ್ಲ. ಅಗಸೆಯ ಕಟ್ಟೆಯ ಮೇಲೆ ಕುಳಿತ ಹಿರಿಯರಿಂದ ಹಿಡಿದು ಕಚೇರಿಯ ಕುರ್ಚಿಯಲ್ಲಿ ಕುಳಿತ ಅಧಿಕಾರಿಗಳವರೆಗೆ ಎಲ್ಲರ ಬಾಯಲ್ಲಿಯೂ ಅದು ಸಮಾನವಾಗಿ ಸಂಚರಿಸುತ್ತಿದೆ. ಗಾದೆಯು ಸುಳ್ಳೆಂದು ನಾವು ಹೇಳುವುದಿಲ್ಲ. ಇಬ್ಬರೂ ಸಮಾನರಾಗಿ ಮಾತಿಗೆ ಮಾತು ಬೆಳೆಸಿ, ಊಟದ ಹೊತ್ತಿಗೆ ಮುನಿಸನ್ನು ಮರೆಯುವ ಮನೆಗೆ ಅದು ಸಲ್ಲತಕ್ಕ ಮಾತೇ ಸರಿ. ಆದರೆ ಒಬ್ಬರ ಕೈಯಲ್ಲಿ ಬಡಿಗೆಯೂ ಇನ್ನೊಬ್ಬರ ಮೈಮೇಲೆ ಬಾಸುಂಡೆಯೂ ಇದ್ದಲ್ಲಿ ಅದಕ್ಕೆ ಜಗಳವೆಂಬ ಹೆಸರು ಒಪ್ಪುವುದಿಲ್ಲ, ಅದು ಹಿಂಸೆ. ಊಟವೇ ದೊರೆಯದೆ, ಮಲಗಲು ಬಾಗಿಲೇ ತೆರೆಯದೆ, ಮಕ್ಕಳನ್ನು ಸೆರಗಿಗೆ ಕಟ್ಟಿಕೊಂಡು ನಡುರಾತ್ರಿ ಅಂಗಳದಲ್ಲಿ ನಿಂತ ಹೆಂಗಸಿಗೆ ಈ ಗಾದೆಯನ್ನು ಹೇಳುವುದು ಗಾಯದ ಮೇಲೆ ಉಪ್ಪು ಸವರಿದಂತೆ. ಹಾಗಿದ್ದರೂ ಹೇಳುತ್ತಲೇ ಇದ್ದೇವೆ. ಹೇಳಿ, ಆಕೆಯನ್ನು ಅದೇ ಬಾಗಿಲಿಗೆ ತಿರುಗಿ ಕಳುಹಿಸುತ್ತಲೂ ಇದ್ದೇವೆ.

ಇದು ಯಾವುದೋ ಒಂದು ಕೇರಿಯ, ಯಾವುದೋ ಒಂದು ಜಾತಿಯ ಕೇಡೆಂದು ಭಾವಿಸಿ ಸಮಾಧಾನಗೊಳ್ಳುವ ಅವಕಾಶವು ನಮಗೆ ಉಳಿದಿಲ್ಲ. 2019–21ರಲ್ಲಿ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 18ರಿಂದ 49 ವರ್ಷ ವಯಸ್ಸಿನ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 44 ಮಂದಿಗಿಂತ ಹೆಚ್ಚು ಜನರು ಗಂಡನಿಂದ ಹಿಂಸೆಯನ್ನು ಅನುಭವಿಸಿದವರಾಗಿದ್ದರು. ಇಡಿಯ ಭಾರತದ ಸರಾಸರಿಯು ನೂರಕ್ಕೆ 29ರಷ್ಟು. 2015–16ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಅಂಕೆಯು ನೂರಕ್ಕೆ 20ರ ಆಸುಪಾಸಿನಲ್ಲಿತ್ತು. ಹಿಂಸೆಯೇ ಹೆಚ್ಚಿತೋ, ಹೇಳುವ ಧೈರ್ಯವು ಹೆಚ್ಚಿತೋ ಎಂಬುದನ್ನು ಪಂಡಿತರು ಚರ್ಚಿಸಲಿ. ವಿದ್ಯೆಯಲ್ಲಿಯೂ ಯಂತ್ರೋದ್ಯಮದಲ್ಲಿಯೂ ಮುಂದೆ ಇದ್ದೇವೆಂದು ಎದೆ ತಟ್ಟಿಕೊಳ್ಳುವ ನಾಡು ಈ ಒಂದು ಪಟ್ಟಿಯಲ್ಲಿಯೂ ಮುಂದೆ ನಿಂತಿತೆಂಬುದು ಮಾತ್ರ ತಲೆ ತಗ್ಗಿಸತಕ್ಕ ಸಂಗತಿ. ಅದಕ್ಕಿಂತಲೂ ಕಳವಳಕಾರಿಯಾದದ್ದು ಇನ್ನೊಂದು ಅಂಕೆ. ದೇಶದಲ್ಲಿ ಹಿಂಸೆಗೆ ಒಳಗಾದ ಸ್ತ್ರೀಯರಲ್ಲಿ ಯಾರಿಂದಲಾದರೂ ಸಹಾಯವನ್ನು ಬೇಡಿದವರು ನೂರಕ್ಕೆ 14 ಮಂದಿ ಮಾತ್ರ. ಉಳಿದವರಲ್ಲಿ ಬಹುಪಾಲು ಜನರು ಯಾರಿಗೂ ಒಂದು ಮಾತನ್ನೂ ಹೇಳದೆ ನುಂಗಿಕೊಂಡವರು.

ಮೂರು ಊರುಗಳ ಸೀಮೆ

ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ಊರುಗಳನ್ನು ನಾವು ಇಲ್ಲಿ ವಿಚಾರಕ್ಕೆ ಎತ್ತಿಕೊಂಡಿದ್ದೇವೆ. ಇಲ್ಲಿಯ ಗಂಡಸರು ಬೇರೆಡೆಯವರಿಗಿಂತ ಕೆಟ್ಟವರೆಂದು ನಮ್ಮ ಅಭಿಪ್ರಾಯವಲ್ಲ. ಬೆಂಗಳೂರಿನಲ್ಲಿ ಕುಳಿತು ಬರೆದ ಕಾನೂನು ಹಳ್ಳಿಯ ಹೆಂಗಸಿನ ಕೈಗೆ ಹೇಗೆ ತಲುಪುತ್ತದೆ, ಎಲ್ಲಿ ತಲುಪದೆ ಹೋಗುತ್ತದೆ ಎಂಬುದನ್ನು ಅರಿಯಲು ಇಂಥ ಸೀಮೆಯೇ ತಕ್ಕ ಒರೆಗಲ್ಲು.

ಸಿಂಧನೂರು ತುಂಗಭದ್ರೆಯ ಎಡದಂಡೆ ಕಾಲುವೆಯ ಕೃಪೆಯಿಂದ ಭತ್ತದ ಕಣಜವಾಗಿ ಬೆಳೆದ ಪಟ್ಟಣ. ಅಕ್ಕಿಯ ಗಿರಣಿಗಳು, ದಲ್ಲಾಳಿ ಅಂಗಡಿಗಳು, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು, ಪೂರ್ವಬಂಗಾಲದಿಂದ ಬಂದ ನಿರಾಶ್ರಿತರ ವಸತಿಗಳು ಅಲ್ಲಿ ಒಂದರ ಪಕ್ಕಕ್ಕೆ ಒಂದು ನೆಲೆಸಿವೆ. ಲಿಂಗಸುಗೂರು ನಿಜಾಮರ ಕಾಲದಲ್ಲಿ ದಂಡಿನ ಊರಾಗಿದ್ದುದಲ್ಲದೆ, 1905ರವರೆಗೆ ತಾನೇ ಒಂದು ಜಿಲ್ಲೆಯ ಕೇಂದ್ರವಾಗಿತ್ತು. ಹಟ್ಟಿಯ ಚಿನ್ನದ ಗಣಿಯೂ ಮುದಗಲ್ಲಿನ ಕೋಟೆಯೂ ಆ ತಾಲ್ಲೂಕಿನವೇ. ಮಸ್ಕಿಯಾದರೋ ಅಶೋಕನ ಶಾಸನದಿಂದ ಜಗತ್ತಿಗೆ ಹೆಸರಾಗಿದ್ದರೂ, ತಾಲ್ಲೂಕೆಂಬ ಸ್ಥಾನವನ್ನು ಪಡೆದು ಇನ್ನೂ ಹೆಚ್ಚು ವರ್ಷಗಳಾಗಿಲ್ಲ. ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳಿಂದ ಹಳ್ಳಿಗಳನ್ನು ತೆಗೆದು ಕಟ್ಟಿದ ತಾಲ್ಲೂಕು ಅದು.

ಕಾಲುವೆಯ ನೀರು ಹರಿದಲ್ಲಿ ಹಣವಿದೆ, ಹರಿಯದಲ್ಲಿ ಗುಳೆಯಿದೆ. ಮಳೆಯಾಶ್ರಿತ ಹಳ್ಳಿಗಳ ಕೂಲಿಕಾರರು ಸುಗ್ಗಿ ಮುಗಿದೊಡನೆ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ಕಟ್ಟಡಗಳ ಕೆಲಸಕ್ಕೆ ನಡೆಯುವರು. ಗುಳೆ ಹೋದಲ್ಲಿ ಹೆಂಗಸಿಗೆ ತವರಿಲ್ಲ, ನೆರೆಹೊರೆಯಿಲ್ಲ, ಭಾಷೆಯರಿತ ಠಾಣೆಯಿಲ್ಲ. ಊರಲ್ಲಿ ಉಳಿದವಳಿಗೆ ಸಾಲವೂ ಸಾರಾಯಿಯೂ ಬೆನ್ನು ಬಿಡವು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಮಾರಾಟವು ನಿಷಿದ್ಧವಾಯಿತು. ಆದರೆ ಬೇರೆ ಮದ್ಯವು ಕಿರಾಣಿ ಅಂಗಡಿಯ ಹಿಂಬಾಗಿಲಿನಿಂದ ಹಳ್ಳಿಗಳನ್ನು ಹೊಕ್ಕಿತು. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿಯ ಹೆಂಗಸರು ಮದ್ಯನಿಷೇಧವನ್ನು ಬೇಡಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರು ಕಾಲ್ನಡಿಗೆಯಲ್ಲಿ ಬಂದುದನ್ನು ವಾಚಕರು ಮರೆತಿರಲಾರರು. ಆ ಮೆರವಣಿಗೆಯಲ್ಲಿ ರಾಯಚೂರು ಜಿಲ್ಲೆಯವರು ದೊಡ್ಡ ಸಂಖ್ಯೆಯಲ್ಲಿ ಇದ್ದರು. ಮದ್ಯದ ಅಂಗಡಿಯ ಲೆಕ್ಕವನ್ನು ಸರಕಾರವು ಬೊಕ್ಕಸದಲ್ಲಿ ಇಡುತ್ತದೆ. ಆ ಹೆಂಗಸರು ಅದನ್ನು ತಮ್ಮ ಮೈಮೇಲೆ ಇಟ್ಟಿದ್ದಾರೆ.

ಹೊಡೆತ ತಿಂದವಳು ಹಿಡಿಯುವ ದಾರಿ

ಇಲ್ಲಿ ನಾವು ಒಬ್ಬಾಕೆಯ ಹೆಸರನ್ನಾಗಲಿ ಊರನ್ನಾಗಲಿ ಹೇಳುವುದಿಲ್ಲ. ಹೇಳಿದರೆ ನಾಳೆ ಬೆಳಗಾಗುವುದರೊಳಗೆ ಓಣಿಯು ಆಕೆಯನ್ನು ಗುರುತಿಸಿಬಿಡುತ್ತದೆ. ಆದರೆ ಸಾಮಾನ್ಯವಾಗಿ ನಡೆಯುವ ದಾರಿಯನ್ನು ವಿವರಿಸಲು ಯಾರ ಅಡ್ಡಿಯೂ ಇಲ್ಲ.

ಹೊಡೆತ ತಿಂದವಳು ಮೊದಲು ಹೋಗುವುದು ತವರಿಗೆ. ತವರಿನಲ್ಲಿ ತಾಯಿಯು ಅಳುವಳು, ತಂದೆಯು ತಲೆ ತಗ್ಗಿಸುವನು, ಅಣ್ಣನ ಹೆಂಡತಿಯು ಒಲೆಯ ಮುಂದೆ ಮೌನವಾಗಿರುವಳು. ಮದುವೆಗೆ ಮಾಡಿದ ಸಾಲವು ಇನ್ನೂ ತೀರಿಲ್ಲ. ಬೆನ್ನ ಹಿಂದೆ ತಂಗಿಯೊಬ್ಬಳು ಮದುವೆಗೆ ನಿಂತಿದ್ದಾಳೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಇನ್ನೊಂದು ಗಾದೆಯು ಆಗ ನೆನಪಾಗುತ್ತದೆ. ಎಂಟು ದಿನಗಳ ಮೇಲೆ ಹಿರಿಯರು ಕೂಡುತ್ತಾರೆ. ಗಂಡನಿಗೆ ಬುದ್ಧಿವಾದ, ಹೆಂಡತಿಗೆ ತಾಳ್ಮೆಯ ಉಪದೇಶ, ಎರಡೂ ಕಡೆಯವರಿಗೆ ಚಹಾ. ಸಂಜೆಯ ಬಸ್ಸಿಗೆ ಆಕೆಯನ್ನು ಹತ್ತಿಸಿ ಕಳುಹಿಸುವುದರೊಂದಿಗೆ ಪಂಚಾಯಿತಿಯು ಮುಗಿಯುತ್ತದೆ. ಎರಡನೆಯ ಸಲ, ಮೂರನೆಯ ಸಲವೂ ಇದೇ. ನಾಲ್ಕನೆಯ ಸಲ ಆಕೆ ಪೋಲೀಸು ಠಾಣೆಯ ಮೆಟ್ಟಿಲನ್ನು ಹತ್ತಿದರೆ, ಅಲ್ಲಿಯೂ ಒಬ್ಬರು ಹಿರಿಯರೇ ಕುಳಿತಿರುತ್ತಾರೆ. ವ್ಯತ್ಯಾಸವೆಂದರೆ ಅವರು ಖಾಕಿಯುಟ್ಟಿರುತ್ತಾರೆ. ರಾಜಿಯ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿ, ಇಬ್ಬರನ್ನೂ ಕೂಡಿಯೇ ಮನೆಗೆ ಕಳುಹಿಸಿದರೆ ತಮ್ಮ ಕರ್ತವ್ಯವು ಮುಗಿಯಿತೆಂದು ಅವರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ.

ಈ ದಾರಿಯಲ್ಲಿ ಎದುರಾದವರಲ್ಲಿ ಯಾರೂ ರಾಕ್ಷಸರಲ್ಲ. ತಂದೆಯು ಬಡವ, ಹಿರಿಯರು ಸಂಭಾವಿತರು, ಜಮಾದಾರರು ಕೆಲಸದ ಹೊರೆಯುಳ್ಳವರು. ಒಬ್ಬರೂ ಆಕೆಯ ಕೇಡನ್ನು ಬಯಸಲಿಲ್ಲ; ಆದರೆ ಎಲ್ಲರೂ ಆಕೆಯನ್ನು ಹಿಂದಕ್ಕೆ ಕಳುಹಿಸಿದರು. ಏಕೆಂದರೆ ಮುಂದಕ್ಕೆ ಕಳುಹಿಸಲು ಅವರ ಮನಸ್ಸಿನಲ್ಲಿ ಒಂದು ಜಾಗವಿರಲಿಲ್ಲ. ಹೊರಟವಳಿಗೆ ಹೋಗಿ ಸೇರಲು ಒಂದು ಸ್ಥಳವಿಲ್ಲದಿದ್ದರೆ ಕಾನೂನು, ಧೈರ್ಯ, ವಿದ್ಯೆ ಇವೆಲ್ಲವೂ ಅರ್ಧದಾರಿಯಲ್ಲಿ ನಿಂತುಬಿಡುತ್ತವೆ. ನಮ್ಮ ಇಡಿಯ ವಾದದ ತಿರುಳು ಇದು.

ಸೇವಾಸಂಸ್ಥೆಯೆಂಬ ಬಾಗಿಲು

ಆ ಸ್ಥಳವನ್ನು ಒದಗಿಸುವ ಕಾರ್ಯವನ್ನು ನಮ್ಮ ಜಿಲ್ಲಾ ತಾಲ್ಲೂಕುಗಳಲ್ಲಿ ಹೆಚ್ಚಾಗಿ ಹೊತ್ತುಕೊಂಡವು ಸ್ವಯಂಸೇವಾ ಸಂಸ್ಥೆಗಳು. ಕರ್ನಾಟಕ ಸರಕಾರವು 2000–01ರ ಸಾಲಿನಲ್ಲಿ ಸಾಂತ್ವನ ಎಂಬ ಯೋಜನೆಯನ್ನು ಆರಂಭಿಸಿ, ದೌರ್ಜನ್ಯಕ್ಕೆ ಒಳಗಾದ ಸ್ತ್ರೀಯರಿಗಾಗಿ ಕೇಂದ್ರಗಳನ್ನು ನಡೆಯಿಸುವ ಭಾರವನ್ನು ಇಂಥ ಸಂಸ್ಥೆಗಳಿಗೇ ಒಪ್ಪಿಸಿತು. ಒಬ್ಬ ಆಪ್ತಸಮಾಲೋಚಕಿ, ಕೆಲವರು ಸಮಾಜಕಾರ್ಯಕರ್ತೆಯರು, ಒಂದು ದೂರವಾಣಿ, ಬಾಡಿಗೆಯ ಒಂದೆರಡು ಕೋಣೆಗಳು: ಅಷ್ಟೇ ಅದರ ವೈಭವ. ರಾಯಚೂರು ಜಿಲ್ಲೆಯಲ್ಲಿಯೇ, ಮಾನ್ವಿ ಸಿಂಧನೂರುಗಳ ನಡುವಣ ಪೋತ್ನಾಳಿನಲ್ಲಿ, ದಲಿತ ಕೂಲಿ ಹೆಂಗಸರು ತಾವೇ ಕಟ್ಟಿಕೊಂಡ ಜಾಗೃತ ಮಹಿಳಾ ಸಂಘಟನೆಯು ಇನ್ನೊಂದು ಬಗೆಯ ಉದಾಹರಣೆ. ಹಳ್ಳಿಹಳ್ಳಿಯಲ್ಲಿ ಹೆಂಗಸರ ಸಂಘಗಳನ್ನು ಕಟ್ಟಿ, ಕೂಲಿಯ ಮಾತನ್ನೂ ಕುಡಿತದ ಮಾತನ್ನೂ ಮನೆಯ ಹೊಡೆತದ ಮಾತನ್ನೂ ಒಂದೇ ಚಾಪೆಯ ಮೇಲೆ ಆಡಿದವರು ಅವರು. ಸುಟ್ಟ ಮಣ್ಣಿನ ಆಭರಣಗಳನ್ನೂ ಬೇವಿನ ಗೊಬ್ಬರವನ್ನೂ ತಯಾರಿಸಿ ಮಾರಿದರು. ಮಕ್ಕಳಿಗಾಗಿ ಚಿಲಿಪಿಲಿ ಎಂಬ ಶಾಲೆಯನ್ನು ನಡೆಯಿಸಿದರು. ಹೊರಗಿನವರು ಬಂದು ಉದ್ಧರಿಸಲೆಂದು ಕಾಯದೆ ಪೆಟ್ಟು ತಿಂದವರೇ ಒಬ್ಬರಿಗೊಬ್ಬರು ಆಸರೆಯಾದ ಮಾದರಿ ಅದು.

ಇಂಥ ಸಂಸ್ಥೆಯ ಬಾಗಿಲಿಗೆ ಹೆಂಗಸೊಬ್ಬಳು ಬಂದಾಗ ಏನು ನಡೆಯುತ್ತದೆ? ಪಟ್ಟಣದ ಸಭ್ಯರಲ್ಲಿ ಅನೇಕರು ತಿಳಿದಂತೆ, ಆಕೆಯಿಂದ ಕೂಡಲೇ ಫಿರ್ಯಾದಿಯನ್ನು ಬರೆಯಿಸಿ ಗಂಡನನ್ನು ಸೆರೆಗೆ ಕಳುಹಿಸುವುದಿಲ್ಲ. ಮೊದಲು ಒಂದು ಲೋಟ ನೀರು; ಬಳಿಕ ಮಕ್ಕಳಿಗೆ ಅನ್ನ. ಆಮೇಲೆ ಆಕೆ ಹೇಳಿದಷ್ಟನ್ನು, ಆಕೆ ಹೇಳಿದ ಮಾತಿನಲ್ಲಿಯೇ ಕೇಳುವುದು. ವರ್ಷಗಟ್ಟಲೆ ಯಾರೂ ನಡುವೆ ಬಾಯಿ ಹಾಕದೆ ತನ್ನ ಮಾತನ್ನು ಕೇಳಿದ್ದು ಇದೇ ಮೊದಲೆಂದು ಅಳುವವರೇ ಹೆಚ್ಚು. ಗಾಯವಿದ್ದರೆ ಜೊತೆಗೆ ಆಸ್ಪತ್ರೆಗೆ ಹೋಗಿ, ಜಾರಿಬಿದ್ದದ್ದೆಂದು ಬರೆಯಿಸದೆ, ಆದದ್ದನ್ನು ಆದಂತೆ ಚೀಟಿಯಲ್ಲಿ ಬರೆಯಿಸಬೇಕು. ಅತ್ತೆಯ ಮನೆಯಲ್ಲಿ ಉಳಿದ ಆಧಾರ ಚೀಟಿ, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕ, ಮಕ್ಕಳ ಶಾಲೆಯ ದಾಖಲೆ ಇವನ್ನು ತರಿಸಬೇಕು. ಕಾಗದಗಳಿಲ್ಲದ ಹೆಂಗಸು ಸರಕಾರದ ಕಣ್ಣಿಗೆ ಇಲ್ಲದವಳೇ ಆಗಿರುತ್ತಾಳೆ. ಆಮೇಲೆ ಆಕೆಗೆ ಏನು ಬೇಕೆಂದು ಕೇಳಬೇಕು: ಗಂಡನ ಮನೆಗೇ ಹೋಗಿ ಅಂಜಿಕೆಯಿಲ್ಲದೆ ಬಾಳುವುದೋ, ಬೇರೆ ಇರುವುದೋ, ಮಕ್ಕಳಿಗೆ ಜೀವನಾಂಶವೋ. ಇದನ್ನು ನಿರ್ಣಯಿಸತಕ್ಕವಳು ಆಕೆ; ಸಂಸ್ಥೆಯದು ಜೊತೆಗೆ ನಿಲ್ಲುವ ಕೆಲಸ. ಒಬ್ಬಾಕೆಯ ಸಂಗಡ ಕೋರ್ಟಿನ ಕಟ್ಟೆಯ ಮೇಲೆ ಎಷ್ಟು ವಾಯಿದೆಗಳಿಗೆ ಕುಳಿತರೆಂಬುದರಿಂದಲೇ ಈ ಕಾರ್ಯಕರ್ತೆಯರ ಸೇವೆಯನ್ನು ಅಳೆಯಬೇಕು. ಕಾರ್ಯಕರ್ತೆಯರೂ ಅದೇ ಊರವರು; ಸಂಜೆ ಅದೇ ಸಂತೆಗೆ ಹೋಗಬೇಕಾದವರು; ಮನೆ ಮುರಿಯುವವರೆಂಬ ಬೈಗುಳವನ್ನು ಕೇಳಬೇಕಾದವರು.

ಕಾನೂನು ಕೊಟ್ಟದ್ದೇನು?

ನಮ್ಮ ವಾಚಕರಲ್ಲಿ ಅಧಿಕಾರಿಗಳೂ ವಕೀಲರೂ ಅನೇಕರಿರುವುದರಿಂದ ಕಾನೂನಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಅವಶ್ಯ. ಕೌಟುಂಬಿಕ ಹಿಂಸೆಯಿಂದ ಸ್ತ್ರೀಯರನ್ನು ರಕ್ಷಿಸುವ ಅಧಿನಿಯಮವನ್ನು ಸಂಸತ್ತು 2005ರಲ್ಲಿ ಅಂಗೀಕರಿಸಿತು. 2006ರ ಅಕ್ಟೋಬರ್ 26ರಿಂದ ಅದು ಜಾರಿಗೆ ಬಂದಿತು. ಪೆಟ್ಟನ್ನು ಮಾತ್ರವಲ್ಲದೆ ಲೈಂಗಿಕ ಬಲಾತ್ಕಾರ, ಬೈಗುಳ, ಬೆದರಿಕೆ, ಸ್ತ್ರೀಧನದ ಅಪಹರಣ, ಖರ್ಚಿಗೆ ಕೊಡದೆ ಕಾಡುವುದು ಇವೆಲ್ಲವನ್ನೂ ಅದು ಹಿಂಸೆಯೆಂದು ಗಣಿಸಿದೆ. ಹೆಂಡತಿಯಷ್ಟೇ ಅಲ್ಲದೆ ತಾಯಿ, ತಂಗಿ, ವಿಧವೆಯಾದ ಸೊಸೆ ಇವರೂ ಅದರ ಆಶ್ರಯಕ್ಕೆ ಅರ್ಹರು. ಮನೆಯ ಹಕ್ಕುಪತ್ರವು ಯಾರ ಹೆಸರಿನಲ್ಲಿದ್ದರೂ, ಆಕೆ ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕು ಆಕೆಗೆ ಉಂಟು. ಅತ್ತೆಮಾವಂದಿರ ಹೆಸರಿನ ಮನೆಯಾದರೂ ಅದು ಈ ಹಕ್ಕಿಗೆ ಒಳಪಡಬಹುದೆಂದು ಸರ್ವೋಚ್ಚ ನ್ಯಾಯಾಲಯವು 2020ರ ಅಕ್ಟೋಬರಿನಲ್ಲಿ ತೀರ್ಪಿತ್ತಿದೆ.

ಮ್ಯಾಜಿಸ್ಟ್ರೇಟರು ರಕ್ಷಣೆಯ ಆಜ್ಞೆ, ವಾಸದ ಆಜ್ಞೆ, ಜೀವನಾಂಶ, ಮಕ್ಕಳ ತಾತ್ಕಾಲಿಕ ಸುಪರ್ದು, ಪರಿಹಾರ ಇವನ್ನು ಕೊಡಬಹುದು. ಅವಸರವಿದ್ದಲ್ಲಿ ಎದುರು ಪಕ್ಷವನ್ನು ಕೇಳದೆಯೂ ಮಧ್ಯಂತರ ಆಜ್ಞೆಯನ್ನು ಮಾಡಬಹುದು. ಅರ್ಜಿ ತಲುಪಿದ ಮೂರು ದಿನಗಳೊಳಗೆ ಮೊದಲನೆಯ ವಿಚಾರಣೆಯೂ, ಅಲ್ಲಿಂದ 60 ದಿನಗಳೊಳಗೆ ಇತ್ಯರ್ಥವೂ ಆಗುವಂತೆ ಪ್ರಯತ್ನಿಸತಕ್ಕದ್ದೆಂದು ಕಾನೂನು ಹೇಳುತ್ತದೆ. ಆಜ್ಞೆಯನ್ನು ಮುರಿದವನಿಗೆ ಒಂದು ವರ್ಷದವರೆಗೆ ಸೆರೆವಾಸ, 20,000 ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ. ಹೆಂಗಸಿಗೆ ತನ್ನ ಆದಾಯವೆಷ್ಟೇ ಇದ್ದರೂ ಉಚಿತ ಕಾನೂನು ನೆರವನ್ನು ಪಡೆಯುವ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮವು ಕೊಟ್ಟಿದೆ. ತಾಲ್ಲೂಕಿನ ಕೋರ್ಟಿನ ಆವರಣದಲ್ಲಿಯೇ ಅದರ ಸಮಿತಿಯಿರುತ್ತದೆ. ಇನ್ನೂ ಒಂದು ಮಾತು: ನೆರೆಯವರಾಗಲಿ ಶಾಲೆಯ ಮಾಸ್ತರರಾಗಲಿ ಸದ್ಭಾವನೆಯಿಂದ ಮಾಹಿತಿಯನ್ನು ಕೊಟ್ಟರೆ ಅವರ ಮೇಲೆ ಯಾವ ದಾವೆಯೂ ನಿಲ್ಲಲಾರದು. ನಮಗೇಕೆ ಊರ ಉಸಾಬರಿ ಎಂಬ ನೆವಕ್ಕೆ ಕಾನೂನು ಎಡೆಯನ್ನು ಉಳಿಸಿಲ್ಲ.

ಎಲ್ಲಿ ಕಡಿದುಹೋಗುತ್ತದೆ?

ಇಷ್ಟು ಸಮರ್ಪಕವಾದ ಕಾನೂನು ಇದ್ದೂ ಕಣ್ಣೀರು ಏಕೆ ಇಂಗಲಿಲ್ಲವೆಂದರೆ, ಅದನ್ನು ನಡೆಯಿಸುವ ಕೈಗಳು ಸಾಲದೆ ಬಂದಿವೆ. ಕಾನೂನಿನ ಕೀಲಿಯು ಸಂರಕ್ಷಣಾಧಿಕಾರಿ. ಘಟನೆಯ ವರದಿಯನ್ನು ಬರೆದು ಮ್ಯಾಜಿಸ್ಟ್ರೇಟರಿಗೆ ಕಳುಹಿಸತಕ್ಕವರೂ, ಆಜ್ಞೆಯು ನಡೆಯುವಂತೆ ನೋಡಿಕೊಳ್ಳತಕ್ಕವರೂ ಅವರೇ. ನಮ್ಮ ರಾಜ್ಯದ ತಾಲ್ಲೂಕುಗಳಲ್ಲಿ ಈ ಹೊಣೆಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಹೆಗಲಿಗೆ ಹೆಚ್ಚುವರಿಯಾಗಿ ಹೊರಿಸಲಾಯಿತು. ತಾಲ್ಲೂಕಿನ ನೂರಾರು ಅಂಗನವಾಡಿಗಳು, ಮಕ್ಕಳ ಪೌಷ್ಟಿಕ ಆಹಾರ, ಬಾಣಂತಿಯರ ನೆರವು, ಬಾಲ್ಯವಿವಾಹದ ತಡೆ ಇವೆಲ್ಲವನ್ನೂ ನೋಡಿಕೊಳ್ಳುವ ಅಧಿಕಾರಿಯು, ಅವುಗಳ ನಡುವೆ ಹೊಡೆತ ತಿಂದವಳ ವರದಿಯನ್ನು ಬರೆಯಬೇಕು. ಅಧಿಕಾರಿಗಳ ಶ್ರದ್ಧೆಯನ್ನು ನಾವು ಸಂಶಯಿಸುವುದಿಲ್ಲ. ದಿನಕ್ಕೆ ಇಪ್ಪತ್ತನಾಲ್ಕೇ ಗಂಟೆಗಳೆಂಬುದನ್ನು ಮಾತ್ರ ನೆನಪಿಸುತ್ತೇವೆ. ಪ್ರತಿ ಜಿಲ್ಲೆ ತಾಲ್ಲೂಕುಗಳಲ್ಲಿ ಸಂರಕ್ಷಣಾಧಿಕಾರಿಗಳನ್ನು ಗೊತ್ತುಮಾಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ರಾಜ್ಯಗಳಿಗೆ ಆಜ್ಞಾಪಿಸಬೇಕಾಗಿ ಬಂದದ್ದೇ, ಹತ್ತೊಂಬತ್ತು ವರ್ಷಗಳ ಔದಾಸೀನ್ಯಕ್ಕೆ ಸಾಕ್ಷಿ.

ಎರಡನೆಯದು ದೂರ. ಒಂದೇ ಸೂರಿನ ಕೆಳಗೆ ವೈದ್ಯ, ವಕೀಲ, ಪೋಲೀಸು, ಆಶ್ರಯ ಇವೆಲ್ಲವೂ ದೊರೆಯಲೆಂದು 2015ರಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಸಖಿ ಕೇಂದ್ರಗಳು ಮುಖ್ಯವಾಗಿ ಜಿಲ್ಲೆಗೊಂದರ ಲೆಕ್ಕದಲ್ಲಿ ಬಂದವು. ಸಿಂಧನೂರಿನಿಂದಾಗಲಿ ಲಿಂಗಸುಗೂರಿನಿಂದಾಗಲಿ ರಾಯಚೂರು ಸುಮಾರು 80ರಿಂದ 90 ಕಿಲೋಮೀಟರುಗಳ ದಾರಿ. ತಾಲ್ಲೂಕಿನ ಕೊನೆಯ ಹಳ್ಳಿಯವರಿಗೆ ಇನ್ನೂ ದೂರ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೀಟಿನ ಹಣವನ್ನು ಉಳಿಸಿತು. ಕೈಯಲ್ಲಿ ಕಾಸಿಲ್ಲದೆ ಮನೆಯನ್ನು ಬಿಟ್ಟವಳಿಗೆ ಅದು ಎಂಥ ಉಪಕಾರವೆಂಬುದನ್ನು ಬಲ್ಲವರೇ ಬಲ್ಲರು. ಆದರೆ ಬಸ್ಸು ರಾತ್ರಿ ಹತ್ತರ ಮೇಲೆ ಹಳ್ಳಿಗೆ ಬಾರದು. ಹೊಡೆತವಾದರೋ ಹೆಚ್ಚಾಗಿ ಆ ಹೊತ್ತಿಗೇ ಬೀಳುವುದು.

ಮೂರನೆಯದು ಅಭದ್ರತೆ. ಸೇವಾಸಂಸ್ಥೆಗಳಿಗೆ ಸರಕಾರದ ಅನುದಾನವು ಬರುವುದು ತಡವಾಗಿ, ಕಂತುಕಂತಾಗಿ. ಜಿಲ್ಲೆಗಳಲ್ಲಿ ಸಖಿ ಕೇಂದ್ರಗಳಿವೆಯೆಂಬ ಕಾರಣದಿಂದ 2021ರಲ್ಲಿ ರಾಜ್ಯದ ಹಲವು ಸಾಂತ್ವನ ಕೇಂದ್ರಗಳನ್ನು ಮುಚ್ಚುವ ನಿರ್ಧಾರವಾದಾಗ ಮಹಿಳಾ ಸಂಘಟನೆಗಳು ಅದನ್ನು ವಿರೋಧಿಸಿದವು. ವಿರೋಧವು ಯುಕ್ತವೇ ಆಗಿತ್ತು. ಹತ್ತಿರದ ಸಣ್ಣ ಬಾಗಿಲನ್ನು ಮುಚ್ಚಿ ದೂರದ ದೊಡ್ಡ ಬಾಗಿಲನ್ನು ತೋರಿಸುವುದು ಮಿತವ್ಯಯವಲ್ಲ. ಹೊಸ ತಾಲ್ಲೂಕಾದ ಮಸ್ಕಿಯಂಥ ಕಡೆ ಈ ತೊಡಕು ಇಮ್ಮಡಿ. ಇಂದಿನ ತಾಲ್ಲೂಕು ಒಂದು, ನಿನ್ನೆಯ ತಾಲ್ಲೂಕು ಇನ್ನೊಂದು. ತನ್ನ ಅರ್ಜಿಯನ್ನು ಯಾವ ಕಚೇರಿಯಲ್ಲಿ ಕೊಡಬೇಕೆಂಬುದೇ ತಿಳಿಯದೆ ತಿರುಗುವ ದುರ್ದೆಸೆಯು ನೊಂದ ಹೆಂಗಸಿಗೆ ಬರಬಾರದು.

ಆಕ್ಷೇಪಗಳಿಗೆ ಉತ್ತರ

ಇಂಥ ಸಂಸ್ಥೆಗಳಿಂದ ಕುಟುಂಬಗಳು ಮುರಿಯುತ್ತವೆಂದು ಕೆಲವು ಹಿರಿಯರು ಆಕ್ಷೇಪಿಸುತ್ತಾರೆ. ನಾವು ವಿನಯಪೂರ್ವಕವಾಗಿ ಕೇಳುತ್ತೇವೆ: ಕುಟುಂಬವನ್ನು ಮುರಿದದ್ದು ಬಡಿಗೆಯೋ, ಬಡಿಗೆಯನ್ನು ಕಂಡು ಕೂಗಿದವಳೋ? ಮುರಿದ ಎಲುಬನ್ನು ಕಟ್ಟುವವನ ಮೇಲೆ ಎಲುಬು ಮುರಿದ ಆರೋಪವನ್ನು ಹೊರಿಸುವುದು ನ್ಯಾಯವಲ್ಲ. ಸಂಸ್ಥೆಗಳ ಬಾಗಿಲಿಗೆ ಬಂದವರಲ್ಲಿ ಅನೇಕರು ಬೇಡುವುದು ವಿಚ್ಛೇದನವನ್ನಲ್ಲ, ಪೆಟ್ಟಿಲ್ಲದ ಸಂಸಾರವನ್ನು. ಸಂಧಾನಕ್ಕೆ ನಮ್ಮ ವಿರೋಧವಿಲ್ಲ. ಆದರೆ ಸಂಧಾನಕ್ಕೂ ರಾಜಿಪಂಚಾಯಿತಿಗೂ ಅಜಗಜಾಂತರವಿದೆ. 2006ರ ನಿಯಮಗಳ ಮೇರೆಗೆ ನಡೆಯುವ ಸಮಾಲೋಚನೆಯಲ್ಲಿ, ಹಿಂಸೆಗೆ ಸಮರ್ಥನೆಯನ್ನು ಹೇಳಲು ಗಂಡನಿಗೆ ಅವಕಾಶವಿಲ್ಲ. ಮುಂದೆ ಹಿಂಸಿಸುವುದಿಲ್ಲವೆಂಬ ಮುಚ್ಚಳಿಕೆಯನ್ನು ಅವನು ಕೊಡಬೇಕು. ಅಡಿಗೆಯಲ್ಲಿ ಉಪ್ಪು ಹೆಚ್ಚಾಗಿತ್ತೆಂಬುದು ಹೊಡೆತಕ್ಕೆ ಕಾರಣವಾಗಲಾರದೆಂದು ಕಾನೂನು ನಿರ್ಣಯಿಸಿದೆ. ಕಟ್ಟೆಯ ಹಿರಿಯರೂ ಅಷ್ಟನ್ನು ನಿರ್ಣಯಿಸಿದರೆ ಅರ್ಧ ಕೆಲಸವಾದಂತೆ.

ಸುಳ್ಳು ಫಿರ್ಯಾದಿಗಳಿಂದ ನಿರಪರಾಧಿಗಳು ಪೀಡಿತರಾಗುತ್ತಾರೆಂಬುದು ಎರಡನೆಯ ಆಕ್ಷೇಪ. ಯಾವ ಕಾನೂನನ್ನೂ ದುರುಪಯೋಗಪಡಿಸುವವರು ಇಲ್ಲದಿಲ್ಲ. ಅದಕ್ಕಾಗಿಯೇ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ, ಕ್ರೌರ್ಯದ ಫಿರ್ಯಾದಿ ಬಂದ ಮಾತ್ರಕ್ಕೆ ಕೂಡಲೇ ದಸ್ತಗಿರಿ ಮಾಡಲಾಗದೆಂದು ಪೋಲೀಸರಿಗೆ ಕಟ್ಟು ಹಾಕಿತು. 2005ರ ಅಧಿನಿಯಮವಾದರೋ ಮೊದಲು ಯಾರನ್ನೂ ಸೆರೆಗೆ ತಳ್ಳುವುದಿಲ್ಲ. ಆಜ್ಞೆಯನ್ನು ಮುರಿದಾಗ ಮಾತ್ರ ಶಿಕ್ಷೆಯ ಮಾತು ಬರುತ್ತದೆ. ಕೆಲವರ ಸುಳ್ಳನ್ನು ಹಿಡಿಯುವುದಕ್ಕಾಗಿ ಎಲ್ಲರ ಬಾಯಿಯನ್ನು ಕಟ್ಟುವುದು ವಿವೇಕವಲ್ಲ. ಯಾರಿಗೂ ಹೇಳದೆ ನುಂಗಿಕೊಂಡವರ ಸಂಖ್ಯೆಯನ್ನು ನಾವು ಮೇಲೆಯೇ ಕಾಣಿಸಿದ್ದೇವೆ.

ನಮ್ಮ ಪರಂಪರೆಯ ಸಾಕ್ಷಿ

ಇದೆಲ್ಲವೂ ಪಾಶ್ಚಾತ್ಯರ ಅನುಕರಣೆಯೆಂದು ಮೂಗು ಮುರಿಯುವವರೂ ಉಂಟು. ಅವರು ಕಲ್ಯಾಣದ ಕಥೆಯನ್ನು ಮರೆತವರು. ಉಡುತಡಿಯ ಮಹಾದೇವಿಯು ಕೌಶಿಕನ ಅರಮನೆಯನ್ನು ತೊರೆದು ಹೊರಟಳೆಂದು ನಾವು ಭಕ್ತಿಯಿಂದ ಹಾಡುತ್ತೇವೆ. ಆಕೆ ಹೊರಟದ್ದು ದೊಡ್ಡದು, ನಿಜ. ಆದರೆ ಆಕೆ ಹೋಗಿ ಸೇರಲು ಒಂದು ಕಲ್ಯಾಣವಿತ್ತು, ಆಕೆಯನ್ನು ಅಕ್ಕನೆಂದು ಕರೆದ ಶರಣರಿದ್ದರು. ಆ ಕಲ್ಯಾಣದ ಹೆಸರನ್ನೇ 2019ರಲ್ಲಿ ಈ ಸೀಮೆಯು ತನ್ನ ಹೆಸರಾಗಿ ಧರಿಸಿತು. ಹೆಸರನ್ನು ಧರಿಸಿದವರು ಅದರ ಧರ್ಮವನ್ನೂ ಧರಿಸಬೇಕಲ್ಲವೆ?

ಸಮೀಪದ ಕಾಲದ ಸಾಕ್ಷಿಯೂ ಇದೆ. ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾದವರು. ಮಾವನವರಾದ ಆನಂದರಾಯರು ಸೊಸೆಯನ್ನು ಮೂಲೆಗೆ ಕೂಡಿಸದೆ ಲೋಕಸೇವೆಗೆ ಹುರಿದುಂಬಿಸಿದರು. ಭಗಿನೀ ಮಂಡಳದ ಮೂಲಕ ಅವರು ಸ್ತ್ರೀಯರ ಸೇವೆಗೆ ನಿಂತರು. 1924ರ ಬೆಳಗಾವಿ ಕಾಂಗ್ರೆಸ್ಸಿಗೆ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಒಟ್ಟುಗೂಡಿಸಿದರು. 1932ರಲ್ಲಿ ತಾವೇ ಯರವಡಾ ಸೆರೆಮನೆಯನ್ನು ಕಂಡು ಬಂದ ಬಳಿಕ, ಸತ್ಯಾಗ್ರಹದಲ್ಲಿ ಸೆರೆಗೆ ಹೋಗಿ ಬಿಡುಗಡೆಯಾಗಿ ದಿಕ್ಕಿಲ್ಲದೆ ನಿಂತ ಸ್ತ್ರೀಯರಿಗೆ ತಮ್ಮ ಸಣ್ಣ ಮನೆಯಲ್ಲಿ ಆಶ್ರಯವಿತ್ತು, ಅವರನ್ನು ಊರಿಗೆ ತಲುಪಿಸುವ ಏರ್ಪಾಡನ್ನೂ ಮಾಡಿದರು. ಅವರಿಗೆ ಯಾವ ಅನುದಾನವೂ ಇರಲಿಲ್ಲ, ಯಾವ ಅಧಿನಿಯಮವೂ ಇರಲಿಲ್ಲ. ಇದ್ದದ್ದು ಒಂದು ಮನೆ, ಅದರ ತೆರೆದ ಬಾಗಿಲು. ಇಂದಿನ ಸೇವಾಸಂಸ್ಥೆಗಳು ಆ ಬಾಗಿಲಿನ ಉತ್ತರಾಧಿಕಾರಿಗಳೇ ಹೊರತು ಹೊರಗಿನಿಂದ ಬಂದ ನವೀನ ವಸ್ತುಗಳಲ್ಲ. ಆನಂದರಾಯರಂಥ ಮಾವಂದಿರು ಊರಿಗೆ ನಾಲ್ವರಿದ್ದರೆ ಆ ಸಂಸ್ಥೆಗಳ ಹೊರೆಯೂ ಎಷ್ಟೋ ಇಳಿದೀತು.

ಈಗ ಮಾಡತಕ್ಕದ್ದು

ಸರಕಾರಕ್ಕೆ ನಮ್ಮ ಸೂಚನೆಗಳು ನಾಲ್ಕು. ಮೊದಲನೆಯದಾಗಿ, ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕುಗಳಿಗೂ ಬೇರೆ ಹೊರೆಯಿಲ್ಲದ ಒಬ್ಬೊಬ್ಬ ಸಂರಕ್ಷಣಾಧಿಕಾರಿ ಇರಬೇಕು. ಅವರ ಹೆಸರೂ ದೂರವಾಣಿಯೂ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಕಾಣಬೇಕು. ಎರಡನೆಯದಾಗಿ, ರಾಯಚೂರಿಗೆ ಹೋಗುವುದರೊಳಗೆ ಒಂದೆರಡು ರಾತ್ರಿ ತಾಯಿಮಕ್ಕಳು ಭಯವಿಲ್ಲದೆ ಮಲಗಲು ತಾಲ್ಲೂಕಿನಲ್ಲಿಯೇ ತಂಗುವ ಮನೆ ಬೇಕು. ಮೂರನೆಯದಾಗಿ, ಸೇವಾಸಂಸ್ಥೆಗಳ ಅನುದಾನವನ್ನು ವರ್ಷದ ಆರಂಭದಲ್ಲಿಯೇ ಕೊಟ್ಟು, ಕಾರ್ಯಕರ್ತೆಯರ ಸಂಬಳವನ್ನು ತಿಂಗಳು ತಿಂಗಳಿಗೆ ಸಲ್ಲಿಸಬೇಕು. ಲೆಕ್ಕವನ್ನು ಕಟ್ಟುನಿಟ್ಟಾಗಿ ಕೇಳಲಿ, ಆದರೆ ಕೊಟ್ಟು ಕೇಳಲಿ. ನಾಲ್ಕನೆಯದಾಗಿ, ಠಾಣೆಯಲ್ಲಿ ರಾಜಿಯ ಕಾಗದವನ್ನು ಬರೆಯಿಸುವುದಕ್ಕಿಂತ ಮೊದಲು ಆಕೆಯ ಹಕ್ಕುಗಳನ್ನು ಆಕೆಗೆ ಓದಿ ಹೇಳತಕ್ಕದ್ದೆಂಬ ಕಾನೂನಿನ ಆಜ್ಞೆಯು ಅಕ್ಷರಶಃ ನಡೆಯಬೇಕು.

ಪಟ್ಟಣದ ಮಹಾಶಯರಿಗೆ ನಮ್ಮ ಬಿನ್ನಹವು ಇನ್ನೂ ಸುಲಭವಾದದ್ದು. ವಕೀಲರು ತಿಂಗಳಿಗೆ ಒಂದು ಖಟ್ಲೆಯನ್ನು ಧರ್ಮಾರ್ಥವಾಗಿ ನಡೆಯಿಸಲಿ. ವೈದ್ಯರು ಗಾಯದ ಕಾರಣವನ್ನು ಏಕಾಂತದಲ್ಲಿ ಕೇಳಲಿ, ಗಂಡನ ಎದುರಿನಲ್ಲಿ ಅಲ್ಲ. ಗಿರಣಿಯ ಮಾಲಿಕರು ದುಡಿಯಬಲ್ಲ ಹೆಂಗಸಿಗೆ ಕೆಲಸ ಕೊಡಲಿ. ಮನೆಯ ಒಡೆಯರು, ಗಂಡ ಜೊತೆಗಿಲ್ಲವೆಂಬ ಒಂದೇ ಕಾರಣಕ್ಕಾಗಿ ಆಕೆಗೆ ಬಾಡಿಗೆಯ ಕೋಣೆಯನ್ನು ನಿರಾಕರಿಸದಿರಲಿ. ಮಠಗಳಲ್ಲಿಯೂ ಮಸೀದಿಗಳಲ್ಲಿಯೂ ಇಗರ್ಜಿಗಳಲ್ಲಿಯೂ ಹೆಂಡತಿಗೆ ತಾಳ್ಮೆಯನ್ನು ಬೋಧಿಸುವಷ್ಟೇ ಸಲ ಗಂಡನಿಗೆ ಸಂಯಮವನ್ನೂ ಬೋಧಿಸಲಿ. ನೆರೆಮನೆಯ ಕೂಗು ಕೇಳಿದಾಗ ಕಿಟಕಿಯನ್ನು ಮುಚ್ಚದೆ ಬಾಗಿಲನ್ನು ತಟ್ಟಲಿ. ತಟ್ಟಲು ಧೈರ್ಯ ಸಾಲದಿದ್ದರೆ 112ಕ್ಕಾಗಲಿ ಮಹಿಳಾ ಸಹಾಯವಾಣಿಯಾದ 181ಕ್ಕಾಗಲಿ ದೂರವಾಣಿ ಮಾಡಲಿ.

ಮಸ್ಕಿಯ ಗುಡ್ಡದ ಬಂಡೆಯ ಮೇಲಿನ ಶಾಸನವನ್ನು 1915ರಲ್ಲಿ ಚಿನ್ನವನ್ನು ಅರಸುತ್ತಿದ್ದ ಗಣಿಯ ಎಂಜಿನಿಯರರಾದ ಬೀಡನ್ ಎಂಬವರು ಕಂಡರು. ದೇವಾನಾಂಪ್ರಿಯನೆಂಬವನು ಅಶೋಕನೇ ಎಂದು ಲೋಕಕ್ಕೆ ಖಚಿತಪಡಿಸಿದ ಕೀರ್ತಿಯು ಆ ಬಂಡೆಯದು. ಅದರಲ್ಲಿ ಕೆತ್ತಿದ ಮ���ತಿನ ಸಾರವಾದರೋ ಅದಕ್ಕಿಂತಲೂ ಬೆಲೆಯುಳ್ಳದ್ದು: ಧರ್ಮದ ಫಲವು ದೊಡ್ಡವರಿಗೆ ಮಾತ್ರ ಮೀಸಲೆಂದು ತಿಳಿಯಬಾರದು, ಧರ್ಮದಲ್ಲಿ ನಿಷ್ಠೆಯುಳ್ಳ ಸಣ್ಣವರಿಗೂ ಅದು ದೊರೆಯತಕ್ಕದ್ದು. ಕಾನೂನಿನ ಫಲವೂ ಹಾಗೆಯೇ ಆಗಬೇಡವೆ? ರಾಜಧಾನಿಯಲ್ಲಿ ವಕೀಲರನ್ನು ಹಿಡಿಯಬಲ್ಲ ಗೃಹಿಣಿಗೆ ದೊರೆಯುವ ರಕ್ಷಣೆಯು ಆ ಬಂಡೆಯ ನೆರಳಿನಲ್ಲಿ ಕಳೆ ತೆಗೆಯುವ ಕೂಲಿಯವಳಿಗೂ ದೊರೆಯುವವರೆಗೆ ನಮ್ಮ ನಾಡು ತನ್ನ ಶಾಸನವನ್ನು ಕಾಪಾಡಿದೆಯೇ ಹೊರತು ಪಾಲಿಸಿಲ್ಲ. ಈ ಮೂರು ಊರುಗಳ ಸಜ್ಜನರೂ ಅಧಿಕಾರಿಗಳೂ ಮನಸ್ಸು ಮಾಡಿದರೆ ಪಾಲಿಸುವ ಕಾರ್ಯವು ಅಸಾಧ್ಯವಾದದ್ದಲ್ಲವೆಂದು ನಾವು ನಂಬಿದ್ದೇವೆ.